ಕೆಂಪು ಇಂಕಿನ ಗೆರೆ ಎಳೆದ ಮೇಲೆ



ಹೋದ ಸಂಚಿಕೆಯಲ್ಲಿ ಗೊಂಬೆ ಕೂರಿಸುವ ವಿಷಯ ಬರೆದು ಮುಗಿಸುವಾಗ, ಮುಂದಿನ ಸಲ ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ಕ್ರಮ ಹೇಳುತ್ತೇನೆ ಅಂದಿದ್ದೆ. ಅದನ್ನು ಇನ್ನೊಂದು ಸಲಕ್ಕೆ ಇಟ್ಟುಕೊಂಡಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಸಲ ನನ್ನ ಅಕ್ಕನ ಮನೆಯ ಒಂದು ಸಂಗತಿ ಹೇಳಬೇಕಾಗಿದೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿಯೇ, ನಾಲ್ಕು ಜನಕ್ಕೆ ಉಪಯೋಗ ಆಗತ್ತೆ. ನನ್ನ ಹೆಸರು ಮಾತ್ರ ಹಾಕಬೇಡ" ಅಂದಿದ್ದಾಳೆ.

ನಮ್ಮ ಭಾವ ವಾಯುಪಡೆಯಲ್ಲಿದ್ದವರು. ವಾಯುಪಡೆ ಅಂದ ತಕ್ಷಣ ನಾವು ವಿಮಾನ ಹಾರಿಸುವವರು ಅಂದುಕೊಳ್ಳುತ್ತೇವೆ, ಅಲ್ಲವೇ? ಭಾವ ಒಂದು ದಿನವೂ ವಿಮಾನ ಹಾರಿಸಿದವರಲ್ಲ. ಅವರು ಎಂಜಿನ್ ಫಿಟ್ಟರ್. ಒಂದು ವಿಮಾನ ಮೇಲೇರಬೇಕಾದರೆ ಕೆಳಗೆ ಎಷ್ಟು ಜನ ದುಡಿಯಬೇಕು ಗೊತ್ತೆ? ಎಂಜಿನ್ ನೋಡುವವರು, ವೈರ್‌ಲೆಸ್‌ನವರು, ರಾಡಾರ್‌ನವರು, ಬಾಂಬು ಜೋಡಿಸುವವರು, ಲಾರಿ ಓಡಿಸುವವರು, ಗುಮಾಸ್ತರು, ಅಡಿಗೆಯವರು. ಭಾವ ತಮಾಷೆಗೆ ಹೇಳುತ್ತಿದ್ದರು: "ಪೈಲಟ್ ವಿಮಾನಾನ ಹಾರಿಸ್ತಾನೆ. ಅದನ್ನ ವಾಪಸ್ ಕರೆಸಿಕೊಳ್ಳೋರು ನಾವು."

ಅಕ್ಕ ಮದುವೆಯಾಗಿ ಹೋದದ್ದು ಪಂಜಾಬಿನ ಪಠಾಣ್‌ಕೋಟ್‌ಗೆ. ಅದು 1971ನೆಯ ಇಸವಿ. ಹಿಂದಿ ಬಾರದು, ಚಳಿ ತಡೆಯದು, ತೆಂಗಿನಕಾಯಿ ಸಿಗದು. ಡಿಸೆಂಬರ್ 3ರ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್, ಅಮೃತಸರ, ಶ್ರೀನಗರ ಮುಂತಾದ ವಿಮಾನ ನೆಲೆಗಳ ಮೇಲೆ ಬಾಂಬು ಹಾಕಿದವು. ಡ್ಯೂಟಿಗೆ ಹೋಗಿದ್ದ ಭಾವ ಮೂರು ದಿನ ಮನೆಗೆ ಬರಲಿಲ್ಲ. ಕಿಟಕಿಗೆಲ್ಲ ಕರಿ ಕಾಗದ ಅಂಟಿಸಿ, ಸೈರನ್ ಕೂಗಿದಾಗಲೆಲ್ಲ ಮನೆಯ ಮುಂದೆ ತೋಡಿದ್ದ ಗುಂಡಿಗೆ ಇಳಿದು ಕೂರುವುದು. ಪಕ್ಕದ ಮನೆಯ ಪಂಜಾಬಿ ಹೆಂಗಸು ಇವಳ ಕೈ ಹಿಡಿದುಕೊಂಡು ಕೂತಿರುತ್ತಿದ್ದರಂತೆ. ಇವಳಿಗೆ ಅವರ ಭಾಷೆ ಬರದು, ಅವರಿಗೆ ಇವಳ ಭಾಷೆ ಬರದು. ಮಧ್ಯೆ ಮಧ್ಯೆ ಮೇಲೆ ಬಂದು, ನೆನೆಸಿಟ್ಟ ಕಾಬೂಲಿ ಕಡಲೆ ಬೇಯಿಸಿಕೊಂಡು ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದರಂತೆ. ಡಿಸೆಂಬರ್ 16ಕ್ಕೆ ಯುದ್ಧ ಮುಗಿಯಿತು. ಅಕ್ಕ ಛೋಲೆ ಮಾಡುವುದನ್ನು ಕಲಿತದ್ದು ಹಾಗೆ.

ಭಾವ ನಿವೃತ್ತರಾಗಿ ಊರಿಗೆ ಬಂದು ನೆಲೆಸಿದ ಮೇಲೆ ಅವರಿಗೆ ಎರಡನೆಯ ಮನೆ ಅಂದರೆ ಇಲ್ಲಿನ ವಾಯುಪಡೆ ನಿವೃತ್ತರ ಕ್ಲಬ್ಬು. ಕ್ಲಬ್ಬು ಅಂದರೆ ದೊಡ್ಡ ಊರಿನ ಕ್ಲಬ್ಬು ನೆನೆಸಿಕೊಳ್ಳಬೇಡಿ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಹೆಂಚಿನ ಮನೆ, ಒಂದು ಹಜಾರ, ಎರಡು ಕೋಣೆ. ಒಂದು ಕೇರಂ ಬೋರ್ಡು, ಮಡಿಸುವ ಕುರ್ಚಿಗಳು, ಗೋಡೆಯ ಮೇಲೆ ಪುಟ್ಟ ನ್ಯಾಟ್ ವಿಮಾನದ ಚಿತ್ರ. ನಮ್ಮ ವಾಯುಪಡೆಯ ನ್ಯಾಟ್‌ಗಳಲ್ಲಿ ಬಹುಪಾಲು ತಯಾರಾದದ್ದು ನಮ್ಮ ಬೆಂಗಳೂರಿನ ಎಚ್.ಎ.ಎಲ್.ನಲ್ಲಿ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಶತ್ರು ವಿಮಾನಗಳು ಎರಗಿದಾಗ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಒಬ್ಬರೇ ಎದುರಿಸಿ ಪ್ರಾಣ ಕೊಟ್ಟದ್ದು ಇದೇ ನ್ಯಾಟ್‌ನಲ್ಲಿ. ವಾಯುಪಡೆಯಲ್ಲಿ ಪರಮವೀರ ಚಕ್ರ ಪಡೆದವರು ಅವರೊಬ್ಬರೇ. ಆ ಚಿತ್ರಕ್ಕೆ ಪ್ರತಿ ವರ್ಷ ಅಕ್ಟೋಬರ್ 8ರಂದು ಹಾರ ಹಾಕುತ್ತಾರೆ. 1932ರ ಅದೇ ದಿನ ನಮ್ಮ ವಾಯುಪಡೆ ಹುಟ್ಟಿತು. ಹಾಗಾಗಿ ಅದೇ ವಾಯುಪಡೆ ದಿನ.

ತಿಂಗಳಿಗೊಂದು ಭಾನುವಾರ ಎಲ್ಲರೂ ಹೆಂಡತಿಯರ ಸಮೇತ ಸೇರುತ್ತಿದ್ದರು. ಗಂಡಸರದು ಹಳೆಯ ಮಾತು: ತೇಜಪುರದ ಮಳೆ, ಜೋಧಪುರದ ಧೂಳು, ಯಾರಿಗೆ ಯಾವಾಗ ಬಡ್ತಿ ತಪ್ಪಿತು. ಹೆಂಗಸರದು ಇನ್ನೊಂದು ಲೋಕ. ಒಂದೊಂದು ಪೋಸ್ಟಿಂಗ್‌ನಲ್ಲೂ ಒಂದೊಂದು ಅಡಿಗೆ ಕಲಿತವರು ಅವರು. ಮೂರು ವರ್ಷಕ್ಕೊಮ್ಮೆ ಮನೆ ಕಟ್ಟಿ, ಮನೆ ಬಿಚ್ಚಿ, ಮಕ್ಕಳ ಶಾಲೆ ಬದಲಾಯಿಸಿ ಬದುಕಿದವರು. "ಟ್ರಂಕು ತುಂಬೋದ್ರಲ್ಲಿ ನನಗೆ ಎಂ.ಎ. ಆಗಿದೆ ಕಣೆ" ಅನ್ನುತ್ತಿದ್ದಳು ಅಕ್ಕ. ಕ್ಲಬ್ಬಿನಲ್ಲಿ ಚಿಕ್ಕವರೆಲ್ಲ ಅವಳನ್ನು ಕರೆಯುತ್ತಿದ್ದದ್ದು "ಭಾಭೀಜಿ" ಅಂತ. ಅಕ್ಟೋಬರ್ 8ರ ಊಟಕ್ಕೆ ಅವಳ ಛೋಲೆ ಇರಲೇಬೇಕು.

2021ರ ಮೇ ತಿಂಗಳಲ್ಲಿ ಭಾವ ತೀರಿಕೊಂಡರು. ಆ ದಿನಗಳು ಹೇಗಿದ್ದವು ಅಂತ ನಿಮಗೆಲ್ಲ ಗೊತ್ತು. ನಾಲ್ಕು ಜನ ಸೇರುವ ಹಾಗಿರಲಿಲ್ಲ. ಕ್ಲಬ್ಬಿನವರೂ ಫೋನಿನಲ್ಲೇ ಅತ್ತರು.

ಈ ವರ್ಷ ಸಂಕ್ರಾಂತಿಗೆ ಎಳ್ಳು ಕೊಡಲು ಅಕ್ಕನ ಮನೆಗೆ ಹೋಗಿದ್ದೆ. ಮಾತಿಗೆ ಮಾತು ಬಂದು "ಕ್ಲಬ್ಬಿಗೆ ಹೋಗ್ತಿಲ್ವಾ ಅಕ್ಕ?" ಅಂದೆ.

"ಕರೆದರೆ ತಾನೆ ಹೋಗೋದು?" ಅಂದಳು.

ನನಗೆ ಅರ್ಥವಾಗಲಿಲ್ಲ. ಬೀರುವಿನಿಂದ ಒಂದು ಕಟ್ಟು ತಂದು ತೋರಿಸಿದಳು. ಪ್ರತಿ ವರ್ಷದ ಆಹ್ವಾನ ಪತ್ರಿಕೆಗಳು. ಎಲ್ಲದರ ಮೇಲೂ ಭಾವನ ಹೆಸರು, ಕೆಳಗೆ "ಸಪತ್ನೀಕರಾಗಿ ಬರಬೇಕು" ಅಂತ. ಭಾವ ಹೋದ ಮೇಲೆ ಒಂದೂ ಬಂದಿರಲಿಲ್ಲ. "ಅವರ ಹೆಸರು ಹೋಯ್ತು, ಅದರ ಜೊತೆ ನಂದೂ ಹೋಯ್ತು. ನಾನೇನು ವಾಯುಪಡೆಯಲ್ಲಿದ್ದೆನಾ?" ಅಂದಳು. ಅತ್ತು ಹೇಳಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ಕಡಲೆಕಾಯಿ ಸುಲಿಯುತ್ತ ಹೇಳಿದಳು.

ಮಾರನೆಯ ದಿನ ಅವಳಿಗೆ ತಿಳಿಸದೆ ನಾನೇ ಕ್ಲಬ್ಬಿಗೆ ಹೋದೆ. ಕೋಪದಿಂದಲೇ ಹೋದೆ ಅನ್ನಿ. ಕಾರ್ಯದರ್ಶಿಗಳು ವಾರಂಟ್ ಆಫೀಸರ್ ಆಗಿ ನಿವೃತ್ತರಾದವರು, ಎಂಬತ್ತರ ಹತ್ತಿರದ ಹಿರಿಯರು. "ಸಾರ್, ನಮ್ಮಕ್ಕನಿಗೆ ಯಾಕೆ ಕಾರ್ಡು ಕಳಿಸ್ತಿಲ್ಲ?" ಅಂತ ನೇರವಾಗಿ ಕೇಳಿದೆ. ಅವರು ಗಾಬರಿಯಾಗಿ ಸದಸ್ಯರ ರಿಜಿಸ್ಟರ್ ತೆಗೆದರು. ಭಾವನ ಹೆಸರಿನ ಮೇಲೆ ಕೆಂಪು ಇಂಕಿನಲ್ಲಿ ಒಂದು ಗೆರೆ, ಪಕ್ಕದಲ್ಲಿ "ದಿವಂಗತ" ಅಂತ ಬರೆದಿತ್ತು. ಅಷ್ಟೆ. ಅಕ್ಕನ ಹೆಸರು ಆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಗೆರೆ ಇಲ್ಲದ ಹೆಸರುಗಳಿಗೆ ಮಾತ್ರ ಕಾರ್ಡು ಹೋಗುತ್ತಿತ್ತು.

ಅವರು ಬಹಳ ಹೊತ್ತು ಆ ಪುಟ ನೋಡಿದರು. ಆಮೇಲೆ ಕನ್ನಡಕ ತೆಗೆದು, "ಅಮ್ಮಾ, ಬೇಕು ಅಂತ ಮಾಡಿದ್ದಲ್ಲ. ಗೆರೆ ಎಳೆದೋನು ನಾನೇ. ಗೆರೆ ಎಳೆಯುವಾಗ ಭಾಭೀಜಿ ನೆನಪಾಗಲಿಲ್ಲ" ಅಂದರು. ನನ್ನ ಕೋಪ ಇಳಿದುಹೋಯಿತು. ಅಂಥ ಗೆರೆಗಳು ಒಟ್ಟು ಎಷ್ಟಿವೆ ಅಂತ ಇಬ್ಬರೂ ಕೂತು ಎಣಿಸಿದೆವು. ಹನ್ನೊಂದು. ಅಂದರೆ ಹನ್ನೊಂದು ಹೆಂಗಸರು, ಹತ್ತಿಪ್ಪತ್ತು ವರ್ಷ ಆ ಹಜಾರದಲ್ಲಿ ಚಹಾ ಹಂಚಿದವರು, ಸದ್ದಿಲ್ಲದೆ ಬರುವುದನ್ನು ನಿಲ್ಲಿಸಿದ್ದರು. ಯಾರೂ ಅವರನ್ನು ಬರಬೇಡಿ ಅಂದಿರಲಿಲ್ಲ. ಬನ್ನಿ ಅಂತಲೂ ಅಂದಿರಲಿಲ್ಲ.

ಮುಂದಿನ ಭಾನುವಾರವೇ ರಿಜಿಸ್ಟರಿನಲ್ಲಿ ಹೊಸ ಅಂಕಣ ಬಂತು: ಪತ್ನಿಯ ಹೆಸರು, ಹುಟ್ಟಿದ ದಿನಾಂಕ, ಫೋನು, ಪಿಂಚಣಿ ಬರುತ್ತಿದೆಯೇ. ಹನ್ನೊಂದು ಮನೆಗೂ ಇಬ್ಬಿಬ್ಬರಾಗಿ ಹೋಗಿ ಬರುವುದು ಅಂತ ತೀರ್ಮಾನವಾಯಿತು. ಜೊತೆಗೆ ಒಬ್ಬ ಹೆಂಗಸು ಇರಬೇಕು ಅಂತ ಅಕ್ಕನನ್ನು ಕರೆದರು. ಮೊದಲು "ನಾನ್ಯಾಕೆ?" ಅಂದಳು. ಆಮೇಲೆ ಸೀರೆ ಬದಲಾಯಿಸಿ ಹೊರಟಳು.

ಹನ್ನೊಂದು ಮನೆಯಲ್ಲಿ ಹನ್ನೊಂದು ಬಗೆ. ಇಬ್ಬರು ಮಕ್ಕಳ ಜೊತೆ ಬೆಂಗಳೂರು ಸೇರಿದ್ದರು. ಒಬ್ಬರು ತೀರಿಹೋಗಿದ್ದರು, ಅದು ಕ್ಲಬ್ಬಿಗೆ ಗೊತ್ತೇ ಇರಲಿಲ್ಲ. ಒಬ್ಬರು ಬಾಗಿಲಲ್ಲೇ ನಿಂತು, "ಆ ಮನುಷ್ಯನ ಕುಡಿತ ನಿಮಗೂ ಗೊತ್ತಿತ್ತು. ನನಗೆ ಯಾವ ನೆನಪೂ ಬೇಡ" ಅಂದುಬಿಟ್ಟರು. ಅಕ್ಕ ಒತ್ತಾಯ ಮಾಡಲಿಲ್ಲ. "ನೆನಪು ಬೇಡದಿದ್ದರೆ ಬೇಡಮ್ಮ, ಪೆನ್ಷನ್ ಸರಿಯಾಗಿ ಬರ್ತಿದೆಯಾ ಅಷ್ಟು ಹೇಳಿ" ಅಂದಳು. ಆಗ ಅವರು ಒಳಗೆ ಕರೆದು ಕಾಫಿ ಕೊಟ್ಟರಂತೆ.

ಇನ್ನೊಬ್ಬರು ಇಪ್ಪತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದರು. ವಯಸ್ಸು ಎಂಬತ್ತೆರಡು. ಕುಟುಂಬ ಪಿಂಚಣಿ ಪಡೆಯುವವರಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇಕಡ 20 ಹೆಚ್ಚಾಗುತ್ತದೆ, 85ಕ್ಕೆ ಶೇಕಡ 30, 90ಕ್ಕೆ 40, 95ಕ್ಕೆ 50. ನೂರು ತುಂಬಿದರೆ ಇಮ್ಮಡಿ. ಆದರೆ ಈ ಅಜ್ಜಿಗೆ ಒಂದು ಪೈಸೆಯೂ ಹೆಚ್ಚಾಗಿರಲಿಲ್ಲ. ಯಾಕೆ ಗೊತ್ತೆ? ಪಿಂಚಣಿಯ ಕಾಗದದಲ್ಲಿ ಅವರ ಹುಟ್ಟಿದ ದಿನಾಂಕವೇ ಇರಲಿಲ್ಲ! ಕೇಳಿದರೆ "ಊರ ಕೆರೆ ಒಡೆದ ವರ್ಷ ಹುಟ್ಟಿದ್ದಂತೆ ಕಣವ್ವ" ಅಂದರಂತೆ. ನಮ್ಮ ಕಾಲದ ಹೆಣ್ಣುಮಕ್ಕಳ ಹುಟ್ಟನ್ನು ಬರೆದಿಟ್ಟವರು ಯಾರು ಹೇಳಿ? ಕ್ಲಬ್ಬಿನವರು ಅವರ ಗುರುತಿನ ಕಾಗದಗಳನ್ನು ಹೊಂದಿಸಿ, ಅರ್ಜಿ ಬರೆದು, ನಾಲ್ಕು ಸಲ ಓಡಾಡಿ ಸರಿಮಾಡಿಸಿದರು. ಎರಡು ವರ್ಷದ ಬಾಕಿಯೂ ಬಂತು. ಅಜ್ಜಿ ಅಕ್ಕನ ಕೈ ಹಿಡಿದು, "ದುಡ್ಡು ಬಂತು, ಸಂತೋಷ. ಅದಕ್ಕಿಂತ ನಮ್ಮೆಜಮಾನ್ರ ಹೆಸರು ಹೇಳ್ಕೊಂಡು ಒಬ್ರು ಬಾಗಿಲಿಗೆ ಬಂದ್ರಲ್ಲ" ಅಂದರಂತೆ.

ಈ ಅಕ್ಟೋಬರ್ 8ರಂದು ಅಕ್ಕನ ಜೊತೆ ನಾನೂ ಹೋಗಿದ್ದೆ. ಹನ್ನೊಂದರಲ್ಲಿ ಆರು ಜನ ಬಂದಿದ್ದರು. ದೀಪ ಹಚ್ಚಿ, ಎರಡು ನಿಮಿಷ ಮೌನ ನಿಂತೆವು. ಆಮೇಲೆ ಕಾರ್ಯದರ್ಶಿಗಳು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ವಿಷಯ ಹೇಳಿದರು. ನೀವೂ ಕೇಳಿರಬಹುದು. 1965ರ ಸೆಪ್ಟೆಂಬರ್ 7ರಂದು ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟಾಗ ದೇವಯ್ಯನವರನ್ನು ಬದಲಿಯಾಗಿ ಇಟ್ಟಿದ್ದರು. ಒಂದು ವಿಮಾನ ಹಿಂದುಳಿದದ್ದರಿಂದ ಅವರು ಹೋದರು. ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನದ ಜೊತೆ ಕಾದಾಡಿ ಅದನ್ನು ಕೆಡವಿ, ತಾವೂ ಹಿಂದಿರುಗಲಿಲ್ಲ. ಅಲ್ಲಿ ಏನು ನಡೆಯಿತು ಅನ್ನುವುದು ನಮ್ಮ ಕಡೆ ಯಾರಿಗೂ ತಿಳಿದಿರಲಿಲ್ಲ. ಎಷ್ಟೋ ವರ್ಷದ ಮೇಲೆ ಆ ಕಡೆಯಿಂದಲೇ ಸಂಗತಿ ಹೊರಬಂದು, 1988ರಲ್ಲಿ ಮಹಾವೀರ ಚಕ್ರ ಕೊಟ್ಟರು. ಅವರ ಪತ್ನಿ ಅದನ್ನು ಪಡೆದದ್ದು 23 ವರ್ಷದ ಮೇಲೆ!

ನನಗೆ ಆಗ ಬೇರೆ ಬೇರೆ ಹೆಂಗಸರು ನೆನಪಿಗೆ ಬಂದರು. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ವಾಯುಪಡೆಯ ಎ.ಎನ್.-12 ವಿಮಾನ 102 ಜನರ ಸಮೇತ ಹಿಮಾಲಯದಲ್ಲಿ ಕಾಣೆಯಾಯಿತು. ಅದರ ಅವಶೇಷ ಸಿಕ್ಕಿದ್ದು 2003ರಲ್ಲಿ. 2024ರಲ್ಲಿ, ಅಂದರೆ 56 ವರ್ಷದ ಮೇಲೆ, ಮಂಜಿನೊಳಗಿಂದ ಇನ್ನೂ ನಾಲ್ಕು ದೇಹಗಳು ಸಿಕ್ಕವು. 2016ರ ಜುಲೈ 22ರಂದು ಚೆನ್ನೈನ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ಎ.ಎನ್.-32ರಲ್ಲಿ 29 ಜನರಿದ್ದರು. ಆ ವಿಮಾನದ ಚೂರುಗಳು ಬಂಗಾಳ ಕೊಲ್ಲಿಯ ತಳದಲ್ಲಿ, ಸುಮಾರು 3,400 ಮೀಟರ್ ಆಳದಲ್ಲಿ ಇವೆ ಅಂತ ಗೊತ್ತಾದದ್ದು 2024ರ ಜನವರಿಯಲ್ಲಿ. ಅಷ್ಟು ವರ್ಷ ಆ ಮನೆಗಳ ಹೆಂಗಸರು ಹಣೆಗೆ ಕುಂಕುಮ ಇಡಬೇಕೋ ಬೇಡವೋ ಅನ್ನುವುದೂ ತೀರ್ಮಾನವಾಗದೆ ಬದುಕಿದ್ದಾರೆ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಯೋಧರ ಹೆಸರನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. 2019ರಲ್ಲಿ ಅದು ಆಯಿತು, ಆಗಬೇಕಾದದ್ದೇ. ಆದರೆ ಕಲ್ಲಿನ ಮೇಲಿನ ಹೆಸರಿಗೆ ಹಸಿವಿಲ್ಲ, ಜ್ವರ ಬರುವುದಿಲ್ಲ. ಆ ಹೆಸರನ್ನು ನಂಬಿ ಬಂದವಳಿಗೆ ಎರಡೂ ಇವೆ. ಊರೂರಿನ ಇಂಥ ಸಣ್ಣ ಕ್ಲಬ್ಬುಗಳ ಕೆಲಸ ಇರುವುದು ಅಲ್ಲೇ.

ಕೊನೆಗೆ ಅಗಲಿದ ಸದಸ್ಯರ ಹೆಸರು ಓದುವ ಹೊತ್ತಾಯಿತು. ಈ ಸಲ ಓದಿದ್ದು ಅಕ್ಕ. ಗಂಡನ ಹೆಸರಿನ ಜೊತೆಗೆ ಹೆಂಡತಿಯ ಹೆಸರನ್ನೂ ಓದಬೇಕು ಅಂತ ಕ್ಲಬ್ಬಿನವರೇ ಬರೆದುಕೊಟ್ಟಿದ್ದರು. ಎಲ್ಲರದನ್ನೂ ಕಾಗದ ನೋಡಿ ಓದಿದಳು. ಭಾವನ ಸರದಿ ಬಂದಾಗ ಕಾಗದ ಕೆಳಗಿಟ್ಟು, ಸರ್ವೀಸ್ ನಂಬರ್ ಸಮೇತ ಬಾಯಲ್ಲೇ ಹೇಳಿದಳು. ಆ ನಂಬರನ್ನು ಕರಿ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿತ್ತು. ಅದನ್ನು ನೀಲಿ ಇನ್‌ಲ್ಯಾಂಡ್ ಪತ್ರದ ಮೇಲೆ ಅವಳು ನೂರಾರು ಸಲ ಬರೆದಿದ್ದಳು. ಅವಳ ಧ್ವನಿ ನಡುಗಲಿಲ್ಲ. ನಾನೇ ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ.

ಸೋದರಿಯರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಸೈನ್ಯದಿಂದ, ವಾಯುಪಡೆಯಿಂದ, ನೌಕಾಪಡೆಯಿಂದ ಬಂದವರು ಇದ್ದೇ ಇರುತ್ತಾರೆ. ಯಜಮಾನರು ಚೆನ್ನಾಗಿರುವಾಗಲೇ, ಒಂದು ಮಧ್ಯಾಹ್ನ ಕಾಫಿ ಕೊಟ್ಟು ಕೂರಿಸಿಕೊಂಡು ಈ ಕೆಲಸ ಮುಗಿಸಿ. "ಅಪಶಕುನದ ಮಾತು" ಅಂತ ಮುಂದೂಡಬೇಡಿ. ಅಕ್ಕ ಹಾಗೆ ಮುಂದೂಡಿ ಕಷ್ಟಪಟ್ಟಳು.

1. ಡಿಸ್ಚಾರ್ಜ್ ಬುಕ್ಕು, ಪಿ.ಪಿ.ಓ. (ಪಿಂಚಣಿ ಮಂಜೂರಾದ ಆದೇಶ), ಮದುವೆಯ ದಾಖಲೆ, ಬ್ಯಾಂಕ್ ಪಾಸ್‌ಬುಕ್ಕು ಇವೆಲ್ಲ ಒಂದೇ ಚೀಲದಲ್ಲಿರಲಿ. ಆ ಚೀಲ ಎಲ್ಲಿದೆ ಅಂತ ಮಕ್ಕಳಿಗೂ ಗೊತ್ತಿರಲಿ.

2. ಪಿ.ಪಿ.ಓ.ನಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನಾಂಕ ಇದೆಯೇ, ಆಧಾರ್ ಕಾರ್ಡಿನಲ್ಲಿರುವಂತೆಯೇ ಇದೆಯೇ ನೋಡಿ. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು ಹೆಸರು ಇದ್ದವರಿಗೆ ತೊಂದರೆ ಹೆಚ್ಚು. ಈಗಲೇ ತಿದ್ದಿಸಿ.

3. ಪಿಂಚಣಿ ಬರುವ ಖಾತೆ ಗಂಡಹೆಂಡಿರ ಜಂಟಿ ಖಾತೆಯಾಗಿರಲಿ.

4. ಜೀವಿತ ಪ್ರಮಾಣ ಪತ್ರ ವರ್ಷಕ್ಕೊಮ್ಮೆ ಕೊಡಲೇಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ಈಗ ಮೊಬೈಲಿನಲ್ಲಿ ಮುಖ ತೋರಿಸಿ ಮನೆಯಿಂದಲೇ ಕೊಡಬಹುದು. ಮೊಮ್ಮಕ್ಕಳನ್ನು ಕೇಳಿ, ಮಾಡಿಕೊಡುತ್ತಾರೆ.

5. 2003ರಲ್ಲಿ ಶುರುವಾದ ಇ.ಸಿ.ಎಚ್.ಎಸ್. ವೈದ್ಯಕೀಯ ಯೋಜನೆಯಲ್ಲಿ ಪಿಂಚಣಿದಾರರ ಪತ್ನಿಗೂ ಚಿಕಿತ್ಸೆ ಇದೆ, ಕುಟುಂಬ ಪಿಂಚಣಿ ಪಡೆಯುವ ವಿಧವೆಗೂ ಇದೆ. ಕಾರ್ಡು ನಿಮ್ಮ ಹೆಸರಿನಲ್ಲೂ ಆಗಿರಲಿ.

6. ತಿಳಿಯದಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ಅದು ಭಿಕ್ಷೆಯಲ್ಲ, ದುಡಿದದ್ದು.

ಇನ್ನು, ಅಕ್ಕನ ಛೋಲೆ ಹೇಳದೆ ಮುಗಿಸಿದರೆ ನೀವು ಬೈಯುತ್ತೀರಿ. ಇದು ಮೂವತ್ತು ಜನರಿಗೆ. ಎರಡು ಕಿಲೋ ಕಾಬೂಲಿ ಕಡಲೆಯನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ನಾಲ್ಕು ಚಮಚ ಟೀ ಪುಡಿಯನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಉಪ್ಪು, ಚಿಟಿಕೆ ಸೋಡ ಸೇರಿಸಿ ಕಡಲೆಯ ಜೊತೆ ಮೆತ್ತಗೆ ಬೇಯಿಸಿ. ಆಮೇಲೆ ಗಂಟು ತೆಗೆದುಬಿಡಿ. ಬಣ್ಣ ಕಪ್ಪಾಗಿ ಚೆನ್ನಾಗಿ ಬರುತ್ತದೆ. ಒಂದೂವರೆ ಕಿಲೋ ಈರುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ನೂರು ಗ್ರಾಂ ಶುಂಠಿ, ಎರಡು ಗಡ್ಡೆ ಬೆಳ್ಳುಳ್ಳಿ ಅರೆದು ಹಾಕಿ. ಒಂದೂವರೆ ಕಿಲೋ ಟೊಮೇಟೊ ಸೇರಿಸಿ ಎಣ್ಣೆ ಬಿಡುವವರೆಗೆ ಬಾಡಿಸಿ. ಧನಿಯ, ಜೀರಿಗೆ, ಚಕ್ಕೆ, ಲವಂಗ, ಕರಿ ಏಲಕ್ಕಿ, ಒಣಮೆಣಸಿನಕಾಯಿ ಹುರಿದು ಪುಡಿಮಾಡಿ ಹಾಕಿ, ಬೆಂದ ಕಡಲೆ ಸೇರಿಸಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ. ಪಂಜಾಬಿನಲ್ಲಿ ಹುಳಿಗೆ ಒಣಗಿಸಿದ ದಾಳಿಂಬೆ ಬೀಜದ ಪುಡಿ ಹಾಕುತ್ತಾರೆ. ನಮ್ಮೂರಿನಲ್ಲಿ ಅದು ಸಿಗದೆ ಅಕ್ಕ ಹುಣಿಸೆರಸ, ಒಂದು ಚೂರು ಬೆಲ್ಲ ಹಾಕುತ್ತಾಳೆ. ಪೂರಿಗೂ ಸರಿ, ಚಪಾತಿಗೂ ಸರಿ.

ಆ ದಿನ ಪಾತ್ರೆ ತಳ ಕಂಡಿತು. ಕಾರ್ಯದರ್ಶಿಗಳು ಎರಡನೆಯ ಸಲ ಹಾಕಿಸಿಕೊಳ್ಳುತ್ತ, "ಭಾಭೀಜಿ, ಮೂರು ನಾಲ್ಕು ವರ್ಷ ಇದಿಲ್ಲದೆ ಹೇಗಿದ್ದೆವು ಅಂತ" ಅಂದರು. ಅಕ್ಕ ಬಿಡಲಿಲ್ಲ: "ಅದಕ್ಕೇ ಹೇಳೋದು, ಗೆರೆ ಎಳೆಯೋ ಮುಂಚೆ ಕೆಳಗೆ ಏನಿದೆ ನೋಡಬೇಕು ಅಂತ!"

ನಿಮ್ಮ ಊರಿನ ಸಂಘದಲ್ಲೋ ಮಂಡಳಿಯಲ್ಲೋ ಇಂಥ ಗೆರೆಗಳು ಇರಬಹುದು. ಹೋಗಿ ರಿಜಿಸ್ಟರ್ ಕೇಳಿ ನೋಡಿ, ಏನಾಯಿತು ಅಂತ ನನಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಕೌದಿ, ಮಾತು ತಪ್ಪುವುದಿಲ್ಲ. ಹಳೆಯ ಹತ್ತಿಸೀರೆಗಳನ್ನು ಒಗೆದು ಒಣಗಿಸಿ ಇಟ್ಟುಕೊಂಡಿರಿ.